ಕುಂಕುಮ ಹತ್ತಿದ ಸೆಲ್ಲು

ನೀರು ಬಿಡುವ ಹನುಮಪ್ಪಣ್ಣ ಸುಳ್ಳು ಹೇಳಿರಲಿಲ್ಲ. ಆ ನಾಲ್ಕು ದಿನವೂ ಅವನು ಮೋಟರು ಚಾಲೂ ಮಾಡಿದ್ದ. ಅದಕ್ಕಿದ್ದ ಒಂದೇ ಸಾಕ್ಷಿಯನ್ನು ಅಳಿಸಿದವಳು ನಾನು — ಇದೇ ಕೈಯಿಂದ, ಹಬ್ಬದ ದಿನ, ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿ ಕೂತು. ಅಳಿಸಿದ್ದು ತಿಳಿಯದೆ. ತಿಳಿದ ಮೇಲೆ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು ಮಾತ್ರ ತಿಳಿದೇ. ಮೊದಲಿನದ್ದನ್ನು ದೇವರು ಕ್ಷಮಿಸಿರಬಹುದು. ಎರಡನೆಯದ್ದಕ್ಕೆ ಕ್ಷಮೆ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಹೋದ ತಿಂಗಳು ಒಂದು ಮುಂಜಾನೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಒಬ್ಬಳಿಗೆ ಎಷ್ಟು ಜೋಳ ಬೇಕು — ಆದರೂ ಎರಡು ಮೊರ ಹಸನು ಮಾಡುವ ರೂಢಿ ಕೈಬಿಟ್ಟಿಲ್ಲ. ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಮಗಳು ಗಂಗಾವತಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ, ದಿನಾ ಸಂಜೆ ಫೋನು ಮಾಡುತ್ತಾಳೆ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ಸಿಕ್ಕ ಸಣ್ಣ ಪುಟ್ಟ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ ಶಿವನಿಗೆ ಒಪ್ಪಿಸುವುದು ನನ್ನ ಪದ್ಧತಿ. ಮೊಣಕಾಲು ನೋಯಲಿಲ್ಲ, ಒಂದು. ಹಾಲು ಒಡೆಯಲಿಲ್ಲ, ಎರಡು. ಮಗಳ ಧ್ವನಿ ಕೇಳಿದೆ, ಮೂರು. ಎಣಿಸುವಾಗಲೆಲ್ಲ ಒಂದು ಗೆಣ್ಣನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ, ಅದು ನನಗೊಬ್ಬಳಿಗೇ ಗೊತ್ತು.

ಆಗ ಮೈಲಾರಪ್ಪ ಬಂದ. ಈಗ ಊರಿಗೆ ನೀರು ಬಿಡುವವನು ಅವನೇ. ಕಂಕುಳಲ್ಲಿ ಜಂಗು ಹಿಡಿದ ತಗಡಿನ ಡಬ್ಬಿ. ಕಂಡ ಕೂಡಲೇ ಗುರುತು ಸಿಕ್ಕಿತು.

“ಅಕ್ಕಾರ, ಬೋರಿಗೆ ಹೊಸಾ ಸ್ಟಾರ್ಟರ್ ಕುಂದ್ರಿಸ್ಯಾರ್ರಿ, ಮೊಬೈಲ್‌ನ್ಯಾಗ ಚಾಲೂ ಆಕ್ಕೈತಿ. ಇದು ಮಾಸ್ತರ ಕೈಲೆ ಮಾಡಿದ್ದು. ಗುಜರಿಗೆ ಹಾಕಾಕ ಮನಸ್ಸಾಗಲಿಲ್ಲ,” ಎಂದು ಕಟ್ಟೆಯ ಮೇಲಿಟ್ಟ. ಹೊರಡುವಾಗ ನಗುತ್ತ ಇನ್ನೊಂದು ಮಾತು ಸೇರಿಸಿದ — “ಹನಮಪ್ಪನ್ನ ನುಂಗಿದ ಡಬ್ಬಿರಿ ಇದು. ಜ್ವಾಕಿ.”

ಚೇಷ್ಟೆಗೆ ಅಂದ ಮಾತು. ನನ್ನ ಕೈಯಲ್ಲಿದ್ದ ಮೊರ ನಿಂತುಬಿಟ್ಟಿತು.

ಮಾಸ್ತರ ಎಂದರೆ ನಮ್ಮ ಯಜಮಾನರು. ಸಾಲಿ ಕಲಿಸುವ ಮಾಸ್ತರರಲ್ಲ. ಯಲಬುರ್ಗಾದಲ್ಲಿ ರೇಡಿಯೋ, ಟೀವಿ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು, ಊರಿನಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಜನ ಪ್ರೀತಿಯಿಂದ ರೇಡಿಯೋ ಮಾಸ್ತರ ಎನ್ನುತ್ತಿದ್ದರು. ಅವರದ್ದೊಂದು ರೂಢಿ. ಯಾವ ಸಾಮಾನು ಬಿಚ್ಚಿದರೂ ಮುಚ್ಚುವ ಮುಂಚೆ ಒಳಗೊಂದು ಚೀಟಿ ಅಂಟಿಸುವುದು — ಏನು ಕೆಟ್ಟಿತ್ತು, ಏನು ಮಾಡಿದೆ. ಮುಂದೆ ಬಿಚ್ಚುವವನು ಮೋಸ ಹೋಗಬಾರದು ಎನ್ನುತ್ತಿದ್ದರು. ಬಾಯಲ್ಲಿ ಮಾತು ಕಡಿಮೆ ಇದ್ದ ಮನುಷ್ಯ. ಚೀಟಿಯಲ್ಲಿ ಮಾತ್ರ ಎಲ್ಲವನ್ನೂ ಬರೆಯುತ್ತಿದ್ದರು.

ಮೇಲಿನ ಓಣಿಗೆ, ಎಂದರೆ ನಮ್ಮ ಓಣಿಗೆ, ಆಗ ಬೇರೆ ಬೋರು, ಬೇರೆ ಮೋಟರು. ಬೋರು ಇರುವುದು ಊರ ಹೊರಗೆ, ಹೊಲದ ಬದುವಿನಲ್ಲಿ. ಮೋಟರಿನ ಸದ್ದು ಊರಿಗೆ ಕೇಳುವುದಿಲ್ಲ. ನೀರು ಸರಿಯಾಗಿ ಬಿಡುವುದಿಲ್ಲ ಎಂದು ಜನ ಗೊಣಗಿದಾಗ ಪಂಚಾಯ್ತಿಯವರು ಇವರಿಗೆ ಒಂದು ಡಬ್ಬಿ ಮಾಡಲು ಹೇಳಿದರು — ಮೋಟರು ಎಷ್ಟಕ್ಕೆ ಚಾಲೂ ಆಯಿತು, ಎಷ್ಟಕ್ಕೆ ಬಂದಾಯಿತು ಎಂದು ತಾನೇ ಬರೆದಿಟ್ಟುಕೊಳ್ಳುವ ಡಬ್ಬಿ. ಅದನ್ನು ಎಲ್ಲರಿಗಿಂತ ಹೆಚ್ಚು ಸ್ವಾಗತಿಸಿದವನು ಹನುಮಪ್ಪಣ್ಣನೇ. ಇನ್ನು ಮೇಲೆ ಯಾರ ಬಾಯಿಗೂ ಹೆದರಬೇಕಾಗಿಲ್ಲ ಎಂದು ನಮ್ಮ ಮನೆಗೆ ಬಂದು ಹೇಳಿ, ಚಹಾ ಕುಡಿದು ಹೋಗಿದ್ದ.

ಮಾಡುವಾಗ ಯಜಮಾನರು ನನಗೆ ತೋರಿಸಿದ್ದರು. ಒಳಗೆ ಎಂಟು ಕಾಲಿನ ಒಂದು ಕರಿ ಚಿಪ್, ಪಕ್ಕದಲ್ಲಿ ಅಕ್ಕಿಕಾಳಿನಂಥ ಬೆಳ್ಳಗಿನ ಕೊಳವೆ, ಅದರ ಹತ್ತಿರ ರೂಪಾಯಿ ಅಗಲದ ಒಂದು ಸೆಲ್ಲು. ಚಿಪ್ಪಿನೊಳಗೆ ಗಡಿಯಾರವೂ ಇದೆ, ನೆನಪೂ ಇದೆ ಎಂದರು. ನೆನಪನ್ನು ಎಲ್ಲಿ ಇಟ್ಟುಕೊಳ್ಳುತ್ತದೆ ಎಂದು ಕೇಳಿದೆ. ಅದರ ಹೊಟ್ಟೆಯಲ್ಲಿ ಐವತ್ತಾರು ಗುಳಿಗಳಿವೆ, ನಿನ್ನ ಅಳಗುಳಿ ಮಣೆಯ ಹಾಗೆ, ಒಂದೊಂದು ಗುಳಿಗೆ ಒಂದೊಂದು ಅಂಕಿ ಹಾಕುತ್ತಾ ಹೋಗುತ್ತದೆ ಎಂದು ನಕ್ಕರು. ಕರೆಂಟು ಹೋದರೆ?

“ಕರೆಂಟ್ ಹೋದ್ರ ಈ ಸೆಲ್ಲ ಅದಕ್ಕ ಉಣ್ಣಸತೈತಿ. ಟೈಮೂ ಮರಿಯಂಗಿಲ್ಲ, ಲೆಕ್ಕಾನೂ ಮರಿಯಂಗಿಲ್ಲ.”

ಸೆಲ್ಲನ್ನೇ ತೆಗೆದರೆ ಏನಾಗುತ್ತದೆ — ಎಂದು ನಾನು ಕೇಳಲಿಲ್ಲ. ಒಲೆಯ ಮೇಲೆ ಸಾರು ಉಕ್ಕಿತು, ಎದ್ದು ಹೋದೆ. ಎಷ್ಟೋ ಸಲ ಅಂದುಕೊಂಡಿದ್ದೇನೆ, ಆ ಸಾರು ಇನ್ನೊಂದು ಗಳಿಗೆ ತಡೆದಿದ್ದರೆ. ಆದರೆ ಅದು ನೆಪ. ನೆಪ ಬರೆಯಲು ನಾನು ಕೂತಿಲ್ಲ.

ಆ ವರ್ಷ ದಸರೆಯ ಮುಂಚೆ ನಾಲ್ಕು ದಿನ ನಮ್ಮ ಓಣಿಗೆ ಒಂದು ಕೊಡ ನೀರು ಬರಲಿಲ್ಲ. ಹಬ್ಬದ ಮನೆ, ತೊಳೆಯುವುದು, ಬಳಿಯುವುದು ಎಲ್ಲ ಹಾಗೇ ಉಳಿಯಿತು. ಶೇಂಗಾ ಕೀಳುವ ಕಾಲ ಅದು. ಹನುಮಪ್ಪ ನಸುಕಿನಲ್ಲಿ ಯಾರದೋ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಾನೆ, ಮೋಟರಿನ ಕಡೆ ಹಾಯುತ್ತಿಲ್ಲ ಎಂದು ಒಬ್ಬರು ಅಂದರು, ಹತ್ತು ಜನ ಹೂಂ ಅಂದರು. ಅವನು ದಿನಾ ಎರಡು ತಾಸು ಮೋಟರು ಓಡಿಸಿದ್ದೇನೆ, ಪೈಪು ಎಲ್ಲೋ ಒಡೆದಿರಬೇಕು, ಡಬ್ಬಿ ತೆಗೆದು ನೋಡಿ ಎಂದ. ಬನ್ನಿ ಹಬ್ಬದ ಮರುದಿನ ಪಂಚಾಯ್ತಿಯಲ್ಲಿ ಕೂಡಿ ನೋಡೋಣ ಎಂದು ನಿಶ್ಚಯವಾಯಿತು. ಯಜಮಾನರು ಆಯುಧ ಪೂಜೆಯ ಹಿಂದಿನ ಸಂಜೆ ಡಬ್ಬಿಯನ್ನು ಬಿಚ್ಚಿ ಮನೆಗೆ ತಂದರು.

ನಮ್ಮ ಮನೆಯಲ್ಲಿ ಒಂದು ನೇಮ. ಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಬನ್ನಿ ಮುಡಿದು ಬರುವ ತನಕ ಕೆಲಸಕ್ಕೆ ಮುಟ್ಟುವುದಿಲ್ಲ. ಮೀಟರು, ಇಕ್ಕಳ, ಸ್ಕ್ರೂ ಡ್ರೈವರು ಎಲ್ಲ ಆಗಲೇ ಚಾಪೆಯ ಮೇಲೆ ಸಾಲಾಗಿ ಇಟ್ಟಾಗಿತ್ತು. ಹಾಗಾಗಿ ಅವರು ಡಬ್ಬಿಯೊಳಗಿನ ಲೆಕ್ಕ ಓದಲಿಲ್ಲ. ಮುಚ್ಚಳ ಸಡಿಲಿಸಿ ಅದನ್ನೂ ಸಾಲಿನಲ್ಲಿಟ್ಟು, ಬೆಳಗಾದ ಮೇಲೆ ಹೂವು, ಕುಂಬಳಕಾಯಿ ತರಲು ಹೋದರು.

ನಾನು ಹಿತ್ತಾಳೆ ದೀಪ ಬೆಳಗಿ, ಅದೇ ಕೈಯಲ್ಲಿ ಒಂದೊಂದೇ ಸಾಮಾನು ಒರೆಸುತ್ತ ಬಂದೆ. ಡಬ್ಬಿಯ ಮುಚ್ಚಳ ತೆಗೆದೆ. ಬೋರಿನ ಧೂಳು, ಸೆಲ್ಲಿನ ಮೇಲೆ ಮಸಿ. ದೇವರ ಮುಂದೆ ಹೊಲಸು ಇಡಬಾರದು. ತಲೆಯ ಪಿನ್ನಿನಿಂದ ಸೆಲ್ಲನ್ನು ಎಬ್ಬಿಸಿ ತೆಗೆದು, ಸೆರಗಿನಿಂದ ಫಳಫಳ ಹೊಳೆಯುವ ಹಾಗೆ ಒರೆಸಿ, ಒಂದು ಬೊಟ್ಟು ಕುಂಕುಮ ಇಟ್ಟು ತಿರುಗಿ ಕೂರಿಸಿದೆ. ಗೋಡೆ ಗಡಿಯಾರದ ಸೆಲ್ಲನ್ನು ಪ್ರತಿ ಹಬ್ಬಕ್ಕೂ ಹೀಗೇ ಮಾಡುತ್ತಿದ್ದೆ. ಅದು ಐದು ನಿಮಿಷ ಹಿಂದೆ ಬೀಳುತ್ತಿತ್ತು. ಮುಳ್ಳು ತಿರುಗಿಸಿದರೆ ಸರಿ. ಇದೂ ಹಾಗೇ ಎಂದುಕೊಂಡೆ. ಒಂದು ಅಳಗುಳಿ ಮಣೆಯನ್ನು ಬೋರಲು ಹಾಕಿದ ಹಾಗೆ ಐವತ್ತಾರು ಗುಳಿಯ ಕಾಳೂ ಚೆಲ್ಲಿ ಹೋಯಿತು — ಒಂದು ಸದ್ದಿಲ್ಲ, ಒಂದು ಕಿಡಿ ಇಲ್ಲ. ಮೇಲೆ ಹೂವು ಏರಿಸಿ ಕೈ ಮುಗಿದೆ.

ಮರುದಿನ ಸಂಜೆ ಹನುಮಪ್ಪಣ್ಣ ಬನ್ನಿ ಕೊಡಲು ಬಂದ. ಓಣಿಯಲ್ಲಿ ಅರ್ಧ ಮನೆಯವರು ಅವನ ಬನ್ನಿ ತೆಗೆದುಕೊಂಡಿರಲಿಲ್ಲ. ನನ್ನ ಕೈಯಲ್ಲಿ ಎಲೆಯಿಟ್ಟು ಹೇಳಿದ —

“ಬಂಗಾರದಂಗ ಇರೂಣ್ರಿ ಅಕ್ಕಾರ. ನಾಳೆ ಮಾಸ್ತರ ಡಬ್ಬಿ ನನ್ನ ಮಾನ ಉಳಸತೈತಿ.”

ಆ ಎಲೆಯನ್ನು ಜಗಲಿಯ ಮೇಲೆ ದೇವರ ಹತ್ತಿರ ಇಟ್ಟೆ. ನೀರಿಲ್ಲದ ಸಿಟ್ಟು ನನಗೂ ಇತ್ತು. ನಾಳೆ ಗೊತ್ತಾಗುತ್ತದೆ ಬಿಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವನು ಹೋದ ಮೇಲೆ ಯಜಮಾನರು ಸಾಮಾನು ಎತ್ತಿಕೊಂಡು ಒಳಕೋಣೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಹಸಿವಿಲ್ಲ ಎಂದು ಎಲೆಯಡಿಕೆ ಹಾಕಿಕೊಂಡು ಕಟ್ಟೆಗೆ ಹೋಗಿ ಕೂತರು. ಹಬ್ಬದ ಊಟ ಹೆಚ್ಚಾಯಿತೇನೋ ಅಂದುಕೊಂಡೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಮ್ಮ ಸಂಸಾರವೆಲ್ಲ ಹೀಗೇ ನಡೆದಿತ್ತು, ಸುಖವಾಗಿಯೇ ನಡೆದಿತ್ತು.

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದ ಮನೆಯ ನೀಲಮ್ಮ ಗೋಡೆಯ ಮೇಲಿಂದ ಸುದ್ದಿ ಹೇಳಿದಳು. ಡಬ್ಬಿಯಲ್ಲಿ ಏನೂ ಇಲ್ಲವಂತೆ. ನಾಲ್ಕು ದಿನವೂ ಮೋಟರು ಮುಟ್ಟಿಲ್ಲವಂತೆ. ಇನ್ನೊಮ್ಮೆ ಸರಿಯಾಗಿ ನೋಡಿ ಎಂದು ಹನುಮಪ್ಪ ಬೇಡಿಕೊಂಡನಂತೆ. ನಮ್ಮ ಯಜಮಾನರು ತಲೆ ಎತ್ತದೆ, ಏನೂ ಇಲ್ಲ ಹನಮಪ್ಪ ಎಂದರಂತೆ, ಅಷ್ಟೇ.

ಸೆಲ್ಲ ಅದಕ್ಕ ಉಣ್ಣಸತೈತಿ — ಆ ಮಾತು ಆಗ ನೆನಪಾಯಿತು. ಹಂಚಿನ ಮೇಲಿನ ರೊಟ್ಟಿ ಕರಿಯಾಗುವ ತನಕ ನಾನು ಕೈಯೆತ್ತಿಕೊಂಡು ಕೂತೇ ಇದ್ದೆ. ಪಂಚಾಯ್ತಿ ಕಟ್ಟೆ ನಮ್ಮ ಮನೆಯಿಂದ ಐವತ್ತು ಹೆಜ್ಜೆ. ಜನ ಇನ್ನೂ ಅಲ್ಲೇ ಕೂಡಿದ್ದರು, ಮಾತು ನನಗೆ ಕೇಳಿಸುತ್ತಿತ್ತು. ಹೋಗಿ ಒಂದು ಮಾತು ಹೇಳಬೇಕಿತ್ತು. ಹೋದರೆ — ಹೆಂಡತಿ ಕುಂಕುಮ ಹಚ್ಚಿದರೆ ಕೆಡುವ ಡಬ್ಬಿ ಎಂದು ನಾಲ್ಕು ಮಂದಿ ನಗುತ್ತಾರೆ, ಇವರ ತಲೆ ತಗ್ಗುತ್ತದೆ. ಇವರಿಗೆ ಕಾರಣ ಗೊತ್ತಿಲ್ಲ, ಗೊತ್ತಾದರೆ ನನ್ನ ಮೇಲೆ ಮನಸ್ಸು ಮುರಿಯುತ್ತದೆ. ಹೀಗೆಲ್ಲ ಯೋಚಿಸಿದೆ. ಯೋಚಿಸುತ್ತ ಕರಿಯಾದ ರೊಟ್ಟಿಯನ್ನು ಎತ್ತಿ, ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡೆ.

ಅವನನ್ನು ಕೆಲಸದಿಂದ ತೆಗೆದರು. ಅಷ್ಟಕ್ಕೇ ಮುಗಿದಿದ್ದರೆ — ಇಲ್ಲ, ಅಷ್ಟಾದರೂ ಸಣ್ಣದಲ್ಲ. ಎಂಟು ದಿನದ ಮೇಲೆ ಅವನ ಹೆಂಡತಿ ಶಂಕ್ರಮ್ಮ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ನನಗಿಂತ ಎರಡು ವರ್ಷ ಸಣ್ಣವಳು. ಸೋಮವಾರ ಸೋಮವಾರ ಬಸವಣ್ಣನ ಗುಡಿಗೆ ಇಬ್ಬರೂ ಕೂಡಿ ಹೋಗುತ್ತಿದ್ದೆವು. ನನಗಿದ್ದ ಗೆಳತಿ ಎಂದರೆ ಅವಳೊಬ್ಬಳೇ. ಒಳಗೆ ಬರಲಿಲ್ಲ. ಬಾಗಿಲು ಹಿಡಿದು ಕೇಳಿದಳು —

“ಗೌರಕ್ಕಾ, ನೀ ಖರೇ ಹೇಳ್ತಿ ಅಂತ ಬಂದೀನಿ. ಯಂತ್ರಾ ಸುಳ್ಳ ಹೇಳ್ತಾವೇನು?”

ದೇವರು ತಾನಾಗಿ ಬಾಗಿಲಿಗೆ ಬಂದು ನಿಂತ ಹಾಗೆ ನಿಂತಿದ್ದಳು. ನಾನು ಅಂದೆ —

“ಯಂತ್ರಕ್ಕ ಸುಳ್ಳ ಹೇಳಿ ಏನ್ ಬರಬೇಕವ್ವಾ.”

ನನ್ನ ಬಾಯಿಂದ ಬಂದ ಮಾತೇ ಅದು. ಅವಳು ತಲೆ ಆಡಿಸಿ, ಸೆರಗು ಸರಿ ಮಾಡಿಕೊಂಡು ಹೋದಳು. ಆ ತಿಂಗಳಲ್ಲೇ ಗಂಡ ಹೆಂಡತಿ ಇಬ್ಬರೂ ಮಗಳು ರೇಣವ್ವನ ಊರಾದ ಇರಕಲ್ಲಗಡಕ್ಕೆ ಹೋಗಿಬಿಟ್ಟರು. ನನಗೆ ಹೇಳಿ ಹೋಗಲಿಲ್ಲ.

ಅವರು ಹೋದ ಮೇಲೆ ರಸ್ತೆ ಅಗೆದಾಗ ಒಡೆದ ಪೈಪು ಸಿಕ್ಕಿತು. ನಮ್ಮದು ಎರೆಭೂಮಿ, ಬಿರುಕಿನೊಳಗೆ ಎಷ್ಟು ನೀರು ಕುಡಿದರೂ ಮೇಲೆ ತೋರಿಸುವುದಿಲ್ಲ. ಆಗಲಾದರೂ ಹೇಳಬಹುದಿತ್ತು. ಜನ, ಪೈಪು ಒಡೆದದ್ದು ಖರೆ ಇರಬಹುದು, ಮೋಟರು ಮುಟ್ಟದೇ ಇದ್ದದ್ದೂ ಖರೆ, ಡಬ್ಬಿಯೇ ಹೇಳಿದೆಯಲ್ಲ ಎಂದರು. ಅವನಿಗೆ ಖಾಲಿ ಡಬ್ಬಿ ಎಂದು ಹೆಸರಿಟ್ಟರು. ಒಮ್ಮೆ ಗಿರಣಿಯ ಮುಂದೆ ಹಿಟ್ಟಿಗೆ ಸರದಿ ನಿಂತಾಗ ಹೆಂಗಸರು ಖಾಲಿ ಡಬ್ಬಿಯ ಮಾತು ತೆಗೆದು ನಕ್ಕರು. ನಾನೂ ನಕ್ಕೆ. ಸುಮ್ಮನಿರಲಿಲ್ಲ — ನಕ್ಕೆ. ಇದನ್ನು ಬರೆಯುವಾಗ ಬೇರೆ ಎಲ್ಲದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ.

ಆಮೇಲೆ ಸೋಮವಾರ ಒಬ್ಬಳೇ ಗುಡಿಗೆ ಹೋದೆ. ಯಾರಾದರೂ ಜೊತೆಯಾದರೆ ಮಾತು ಎಲ್ಲಿಗೆ ಹೋಗುತ್ತದೋ ಎಂಬ ಭಯ. ನೀಲಮ್ಮ ಕರೆದರೆ ಕೆಲಸವಿದೆ ಎನ್ನುತ್ತಿದ್ದೆ. ವರ್ಷ ವರ್ಷ ಕಳೆದಂತೆ ಕರೆಯುವುದನ್ನೂ ಬಿಟ್ಟಳು. ಮನೆಯೊಳಗೆ ಯಜಮಾನರು ಮೊದಲಿಗಿಂತ ಮೌನವಾದರು. ಅಂಗಡಿಯ ಚಿಂತೆ ಎಂದುಕೊಂಡೆ. ಕೊನೆಯ ಕಾಯಿಲೆಯಲ್ಲಿ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, ಗೌರಾ, ಆ ಡಬ್ಬಿ — ಎಂದರು. ಈಗ್ಯಾಕ ಆ ಮಾತು, ಮಲಕೊಳ್ರಿ ಎಂದೆ. ಅವರು ಮಲಗಿದರು.

ಮೈಲಾರಪ್ಪ ಹೋದ ಮೇಲೆ ಮೊರವನ್ನು ಬದಿಗಿಟ್ಟು, ಅವರದೇ ಸಣ್ಣ ಸ್ಕ್ರೂ ಡ್ರೈವರು ಹುಡುಕಿ ಡಬ್ಬಿಯನ್ನು ಬಿಚ್ಚಿದೆ. ಏಕೆ ಬಿಚ್ಚಿದೆನೋ. ಎಂಟು ಕಾಲಿನ ಚಿಪ್ ಅಲ್ಲೇ ಇತ್ತು, ಬೇರೆ ಸೆಲ್ಲು ಇತ್ತು. ಮುಚ್ಚಳದ ಒಳಬದಿಯಲ್ಲಿ, ರೂಢಿಯ ಹಾಗೆ, ಒಂದು ಚೀಟಿ. ಅದರ ಜೊತೆ ಟೇಪಿನಿಂದ ಅಂಟಿಸಿದ ಹಳೆಯ ಸೆಲ್ಲು. ಅಂಚಿನಲ್ಲಿ ಕುಂಕುಮ — ಕರ್ರಗಾಗಿತ್ತು, ಆದರೆ ಕುಂಕುಮವೇ. ಪೆನ್ಸಿಲ್ಲಿನಲ್ಲಿ ಅವರ ಉರುಟು ಅಕ್ಷರ:

ಸೆಲ್ಲು ತೆಗೆದು ಹಾಕಿದ್ದರಿಂದ ಲೆಕ್ಕ ಅಳಿಸಿದೆ. ಹನುಮಪ್ಪನ ತಪ್ಪಿಲ್ಲ. ಹೇಳಬೇಕು.

ಹೇಳಬೇಕು.

ಅವರಿಗೆ ಗೊತ್ತಿತ್ತು. ಆ ಸಂಜೆಯೇ, ಒಳಕೋಣೆಯಲ್ಲೇ ಗೊತ್ತಾಗಿತ್ತು. ಅವರ ಮಾನ ಉಳಿಸುತ್ತಿದ್ದೇನೆ ಎಂದು ನಾನು ಸುಮ್ಮನಿದ್ದೆ. ನನ್ನ ಮಾನ ಉಳಿಸುತ್ತಿದ್ದೇನೆ ಎಂದು ಅವರು ಸುಮ್ಮನಿದ್ದರು — ಎಂದುಕೊಳ್ಳುತ್ತೇನೆ, ಕೇಳಲು ಈಗ ಅವರಿಲ್ಲ. ಒಂದೇ ಚಾಪೆಯ ಮೇಲೆ ಎಂಟು ವರ್ಷ ಒಬ್ಬರಿಗೊಬ್ಬರು ಬೆನ್ನು ಮಾಡಿ ಇದೇ ಒಂದು ಮಾತನ್ನು ಕಾಯ್ದುಕೊಂಡು ಮಲಗಿದ್ದೇವೆ. ನಮ್ಮಿಬ್ಬರ ಆ ಪ್ರೀತಿಯ ನಡುವೆ ಸಿಕ್ಕವನು ಹನುಮಪ್ಪಣ್ಣ.

ಮರುದಿನ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ, ಅಲ್ಲಿಂದ ಇರಕಲ್ಲಗಡದ ಬಸ್ಸು ಹತ್ತಿದೆ. ರೇಣವ್ವನ ಮನೆಯ ಕಟ್ಟೆಯ ಮೇಲೆ ಅವನು ಹಗ್ಗ ಹೊಸೆಯುತ್ತ ಕೂತಿದ್ದ. ತಲೆ ಪೂರಾ ಬೆಳ್ಳಗಾಗಿದೆ. ಗುರುತು ಹಿಡಿದು ಎದ್ದು ನಿಂತ, ಬರ್ರಿ ಅಕ್ಕಾರ ಎಂದ, ಒಳಗಿನಿಂದ ತಂಬಿಗೆಯಲ್ಲಿ ನೀರು ತರಿಸಿ ಕೊಟ್ಟ. ಊರಿಗೆಲ್ಲ ನೀರು ಬಿಟ್ಟ ಕೈಯ ನೀರು. ಶಂಕ್ರಮ್ಮ ಎಲ್ಲಿ ಎಂದು ಕೇಳಿದೆ. ತೀರಿಕೊಂಡು ಎರಡು ವರ್ಷವಾಯಿತು ಎಂದ. ನನಗೆ ಆ ಸುದ್ದಿಯೂ ಬಂದಿರಲಿಲ್ಲ.

ನಿಂತುಕೊಂಡೇ ಎಲ್ಲ ಹೇಳಿದೆ. ಸೆಲ್ಲು ತೆಗೆದದ್ದು, ಕುಂಕುಮ, ಹಿತ್ತಲ ಬಾಗಿಲು, ಗಿರಣಿಯ ಮುಂದೆ ನಕ್ಕದ್ದು. ಚೀಟಿ ಓದಿದೆ. ಅವನು ಅರ್ಧ ಹೊಸೆದ ಹಗ್ಗವನ್ನು ಬಿಚ್ಚುತ್ತ, ಮತ್ತೆ ಹೊಸೆಯುತ್ತ ಕೇಳಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ.

“ಅಕಿ ಸಾಯೂ ಮಟಾ ಒಂದ ಕೇಳಾಕಿ,” ಎಂದ. “ಖರೇ ಹೇಳ್ರಿ, ಆ ನಾಕ ದಿನಾ ನಸಿಕಿನ್ಯಾಗ ಎಲ್ಲಿಗೆ ಹೋಗಿದ್ರಿ ಅಂತ. ಗೌರಕ್ಕ ಸುಳ್ಳ ಹೇಳಂಗಿಲ್ಲ ಅನ್ನಾಕಿ.”

ನಾನು ಚೀಟಿಯನ್ನು ಅವನ ಮುಂದೆ ಹಿಡಿದೆ, ನೀನೇ ಇಟ್ಟುಕೋ ಅಣ್ಣಾ ಎಂದೆ. ಅವನು ಕೈ ಚಾಚಲಿಲ್ಲ.

“ನನಗ್ಯಾಕ್ರಿ ಅದು? ಅದರಾಗ ನನಗ ಗೊತ್ತಿದ್ದದ್ದ ಐತಿ. ಗೊತ್ತಿಲ್ಲದವರ ಮುಂದ ಓದ್ರಿ.”

ಅಷ್ಟು ಹೇಳಿ ಹಗ್ಗದ ತುದಿಯನ್ನು ಕಾಲ ಬೆರಳಿಗೆ ಸಿಕ್ಕಿಸಿಕೊಂಡ. ಬಸ್ಸಿನ ಹೊತ್ತಾಗಿದೆ ಎಂದು ರೇಣವ್ವ ನೆನಪಿಸಿದಳು. ಅವಳು ಚಹಾ ಮಾಡಿರಲಿಲ್ಲ. ಸರಿಯೇ ಇತ್ತು.

ಮರುದಿನ ಮೇಲಿನ ಓಣಿಗೆ ನೀರು ಬರುವ ಸರದಿ. ನಳದ ಮುಂದೆ ಹದಿನೈದು ಹೆಂಗಸರಿದ್ದರು, ಮೈಲಾರಪ್ಪನೂ ಇದ್ದ. ಕೊಡ ಕೆಳಗಿಟ್ಟು, ಚೀಟಿ ತೆಗೆದು ಓದಿದೆ. ಎರಡನೇ ಸಲವೂ ಓದಿದೆ. ಸೆಲ್ಲು ತೆಗೆದವಳು ನಾನು, ತಪ್ಪು ಯಜಮಾನರದ್ದೂ ಅಲ್ಲ, ಡಬ್ಬಿಯದ್ದೂ ಅಲ್ಲ ಎಂದು ಹೇಳಿದೆ. ಶಂಕ್ರಮ್ಮನಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಯಾರದೋ ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ನೀಲಮ್ಮ ಕೊನೆಗೆ, “ಇಷ್ಟ ವರ್ಷಾ ಹೆಂಗ ಉಂಡಿ ಗೌರಕ್ಕಾ?” ಎಂದಳು. ತಿವಿಯಲು ಅಂದಳೋ, ನಿಜವಾಗಿ ಕೇಳಿದಳೋ ತಿಳಿಯಲಿಲ್ಲ. ನನ್ನ ಸರದಿ ಬಂದಾಗ ಎಲ್ಲರೂ ಒಂದು ಹೆಜ್ಜೆ ಸರಿದು ದಾರಿ ಕೊಟ್ಟರು. ಮುಟ್ಟದಷ್ಟು ದೂರ.

ಮುಂದಿನ ಸೋಮವಾರ ಪಂಚಾಯ್ತಿ ಕಟ್ಟೆಯಲ್ಲೂ ಓದುತ್ತೇನೆ ಎಂದು ಮೈಲಾರಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದೆ. ಅಲ್ಲೂ ಓದಿ ಬಂದೆ. ಕೇಳಬೇಕಾದವಳು ಒಬ್ಬಳಿದ್ದಳು, ಅವಳ ಮುಂದೆ ಇನ್ನೆಂದೂ ಓದಲಾಗುವುದಿಲ್ಲ.

ನಳದಿಂದ ಬಂದ ಆ ದಿನ ಕೊಡ ಇಳಿಸಿ ಪಡಸಾಲೆಗೆ ಬಂದರೆ, ಎರಡು ದಿನದ ಹಿಂದೆ ಬಿಟ್ಟು ಎದ್ದ ಮೊರ ಹಾಗೇ ಇತ್ತು. ಗುಬ್ಬಿಗಳು ಒಂದಿಷ್ಟು ತಿಂದು, ಒಂದಿಷ್ಟು ಚೆಲ್ಲಾಡಿದ್ದವು. ಚೆಲ್ಲಿದ್ದನ್ನು ಕೈಯಿಂದ ಬಳಿದು ಮೊರಕ್ಕೆ ಹಾಕಿಕೊಂಡು, ಕಾಲು ನೀಡಿ ಕೂತು, ಕಲ್ಲು ಆರಿಸತೊಡಗಿದೆ.